ರೊಪ್ಪಕ್ಕೆ ಕೊಟ್ಟ ಮರಿ

ನಮ್ಮಣ್ಣನಿಗೆ ಮೊಲದ ಬೇಟೆಯ ಹುಚ್ಚು. ಆಗಿನ್ನೂ ಮದ್ದಗಿರಿ ಎಂದೇ ಕರೆಯುತ್ತಿದ್ದ ಊರಿನ ಕಡೆಯಿಂದ ಒಂದು ಹೆಣ್ಣುನಾಯಿ ತಂದಿದ್ದ. ಸಣ್ಣ ಸೊಂಟ, ಉದ್ದ ಕಾಲು, ಚೂಪು ಮೂತಿ. ಮೊಲ ಹಿಡಿದರೆ ತಾನು ತಿನ್ನುತ್ತಿರಲಿಲ್ಲ. ತಂದು ಅಣ್ಣನ ಕಾಲ ಬಳಿ ಇಟ್ಟು ಬಾಲ ಆಡಿಸುತ್ತಿತ್ತು.

ಒಂದು ವರ್ಷ ತಾವರೆಕೆರೆಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದೆವು. ಮಂದೆಯ ಕಾವಲು ನಾಯಿಯ ಜೊತೆ ಸೇರಿ ಇದು ಮೂರು ಮರಿ ಹಾಕಿತು. ಎರಡು ತಾಯಿಯಂತೆ. ಮೂರನೆಯದು ಅಪ್ಪನ ಅಚ್ಚು: ದಪ್ಪ ಕತ್ತು, ಜೋಲು ಕಿವಿ, ಮೈತುಂಬ ಕೂದಲು.

"ಇದು ಮೊಲ ಹಿಡಿಯೋ ಮುಸುಡಿ ಅಲ್ಲ ಕಣಮ್ಮ, ಎಲ್ಲಾದ್ರೂ ಬುಟ್ಟು ಬಾ" ಎಂದ ಅಣ್ಣ. ನನಗೋ ಅದೇ ಮುದ್ದು. ಬಿಟ್ಟುಬಂದರೆ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಮಂದೆಯ ಯಜಮಾನಿ ಅಜ್ಜಿ ಮರಿ ಕೇಳಿಕೊಂಡು ಬಂದಳು. ಅವಳ ಕಾವಲು ನಾಯಿಯನ್ನು ತೋಳ ಮುಗಿಸಿತ್ತು. ಮರಿಯ ಕತ್ತು ಹಿಚುಕಿ, ಅಂಗುಳು ನೋಡಿ, "ಓಡೋದು ಕಂಡ್ರೆ ಅಟ್ಟಿಸ್ಕಂಡು ಹೋಗ್ತೈತಾ?" ಎಂದು ಕೇಳಿದಳು.

ಹಿಂದಿನ ದಿನವಷ್ಟೇ ಅದು ಒಂದು ಕೋಳಿಮರಿಯನ್ನು ಅಟ್ಟಿ ಹಿಡಿದು, ತಂದು ನನ್ನ ಕಾಲ ಬಳಿ ಇಟ್ಟಿತ್ತು. ನಾನು ಅದನ್ನು ತಿಪ್ಪೆಯಲ್ಲಿ ಹೂತು, ತಪ್ಪನ್ನು ಮುಂಗುಸಿಯ ತಲೆಗೆ ಕಟ್ಟಿದ್ದೆ.

"ಇಲ್ಲ ಕಣಜ್ಜಿ, ಭಾಳ ಸಾಧು" ಎಂದೆ.

ಅಜ್ಜಿ ಅದನ್ನು ಮುಳ್ಳುಬೇಲಿಯ ರೊಪ್ಪದೊಳಗೆ, ಕುರಿಗಳ ನಡುವೆಯೇ ಕಟ್ಟಿದಳು. ಈದ ಕುರಿಯನ್ನು ಹಿಡಿದು ನಿಲ್ಲಿಸಿ ಅದರ ಮೊಲೆಗೇ ಬಿಟ್ಟಳು. ಕುರಿಹಾಲು ಕುಡಿದ ನಾಯಿ ಕುರಿಯನ್ನು ಒಡಹುಟ್ಟೆಂದೇ ತಿಳಿಯುತ್ತದೆ ಎಂಬುದು ಕುರುಬರ ನಂಬಿಕೆ. ನಾನೂ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ವರ್ಷ ತುಂಬುವುದರೊಳಗೆ ನಾಯಿ ತೋಳಕ್ಕೆ ಎದೆಕೊಟ್ಟು ನಿಂತಿತು. ನಾನು ಊರೆಲ್ಲ ಜಂಬ ಕೊಚ್ಚಿದೆ. ಆಮೇಲೊಂದು ಬೆಳಿಗ್ಗೆ ಕುರಿಮರಿಗಳನ್ನು ಹೊರಗೆ ಬಿಡುವಾಗ ಒಂದು ಮರಿ ಗುಂಪು ಬಿಟ್ಟು ಓಡಿತು. ನಾಯಿ ಬೆನ್ನಟ್ಟಿ, ಕತ್ತು ಮುರಿದು, ಕಚ್ಚಿಕೊಂಡು ಬಂದು ಅಜ್ಜಿಯ ಕಾಲ ಬಳಿ ಇಟ್ಟು ಬಾಲ ಆಡಿಸಿತಂತೆ.

ಕುರಿಗೆ ಬಾಯಿ ಹಾಕಿದ ನಾಯಿಯನ್ನು ಅವರು ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತೆಯೂ ಇಲ್ಲ. ಸಾಕಿದ ಕೈಯೇ ಮುಗಿಸಬೇಕು. ಅಜ್ಜಿ ಮುಗಿಸಿ, ನೇರ ನಮ್ಮ ಜಗಲಿಗೆ ಬಂದು ಕೂತಳು.

"ಮೊದ್ಲೇನಾದ್ರೂ ಹಿಂಗೆ ಮಾಡಿತ್ತೇನಮ್ಮ?"

"ಇಲ್ಲಜ್ಜಿ."

"ಅಂಗಾದ್ರೆ ನನ್ನ ಸಾಕಣೇಲೇ ಎಲ್ಲೋ ತಪ್ಪಾಗೈತೆ. ಹಾಲು ಸಾಲಲಿಲ್ವೇನೋ."

ಅವಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಹೇಡಿತನಕ್ಕೆ ನನಗೇ ಅಸಹ್ಯವಾಯಿತು, ಆದರೂ ಬಾಯಿ ಬಿಡಲಿಲ್ಲ.

ಮೈಕಟ್ಟು ಒಬ್ಬರಿಂದ, ಗುಣ ಇನ್ನೊಬ್ಬರಿಂದ ಮರಿಗೆ ಇಳಿಯಬಹುದೆಂದು ಎಷ್ಟೋ ವರ್ಷದ ಮೇಲೆ ಮೊಮ್ಮಗಳು ತನ್ನ ಪಾಠದ ಪುಸ್ತಕದಿಂದ ಓದಿ ಹೇಳಿದಳು. ತಲೆತಲಾಂತರದಿಂದ ಓಡಲೆಂದೇ ಆರಿಸಿ ಬೆಳೆಸಿದ ತಳಿಯ ಚಟ, ಕುರುಬರ ನಾಯಿಯ ಕೂದಲೊಳಗೆ ಅಡಗಿ ಕೂತಿತ್ತು. ಯಾವ ಹಾಲೂ ಅದನ್ನು ತೊಳೆಯುತ್ತಿರಲಿಲ್ಲ. ಅಜ್ಜಿಗೆ ಅದು ಗೊತ್ತಾಗುವ ದಾರಿ ಇರಲಿಲ್ಲ. ನನಗೆ ಮಾತ್ರ ಪುಸ್ತಕ ಬೇಕಿರಲಿಲ್ಲ, ಆ ಕೋಳಿಮರಿಯೇ ಸಾಕಾಗಿತ್ತು.

ಅಜ್ಜಿ ಮತ್ತೆ ನಾಯಿ ಸಾಕಲಿಲ್ಲ. ಮುಪ್ಪಿನಲ್ಲೂ ತಾನೇ ಕೋಲು ಹಿಡಿದು ಕುರಿ ಕಾದಳು. ಒಮ್ಮೆ ನಮ್ಮ ಜಗಲಿಯಲ್ಲೇ ಯಾರೋ ಒಳ್ಳೆ ಕಾವಲು ತಳಿಯ ಮರಿ ಕೊಡುತ್ತೇನೆಂದರು. "ಬ್ಯಾಡಪ್ಪ, ನನ್ ಕೈಗೆ ನಾಯಿ ಸಾಕೋದು ಬರಾಕಿಲ್ಲ" ಎಂದಳು.

ನಾನು ಪಕ್ಕದಲ್ಲೇ ಇದ್ದೆ. ಎಲೆ ಅಡಿಕೆಯ ತಟ್ಟೆಯನ್ನು ಅವಳ ಕಡೆ ಸರಿಸಿದೆ.