ಓಣಿಯ ತಿರುವಿನಲ್ಲಿ ಎದ್ದ ಅಳು

ನಮ್ಮ ಕಡೆ ಸಾವಿನ ಸುದ್ದಿಯನ್ನು ಸಾವು ಅಂತ ಹೇಳಿ ಕಳಿಸುವ ಪದ್ಧತಿ ಇರಲಿಲ್ಲ. ದಾರಿಯಲ್ಲೇ ಎದೆ ಒಡೆದುಕೊಂಡಾರೆಂದು, 'ಜರಾ ಆರಾಮಿಲ್ಲ, ಬಂದು ಹೋಗ್ರಿ' ಅನ್ನುತ್ತಿದ್ದರು. ಕೇಳಿದವರು ಅಷ್ಟಕ್ಕೇ ತಿಳಿದುಕೊಂಡು, ಕಣ್ಣೊರೆಸಿಕೊಳ್ಳುತ್ತಾ ಬಸ್ಸು ಹತ್ತುತ್ತಿದ್ದರು.

ಅರವತ್ತರ ದಶಕದ ಆರಂಭ. ತಿಕೋಟಾದ ನಮ್ಮ ಮನೆಯಲ್ಲಿ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಜ್ವರ ಬಂದು ಇಳಿದಿತ್ತು. ಇಳಿದ ಮೇಲೆ ಮಗಳನ್ನು ನೋಡುವ ಆಸೆಯಾಯಿತು. ಆ ಮಗಳನ್ನು, ಅಂದರೆ ನನ್ನ ಅತ್ತೆಯನ್ನು, ಕೊಟ್ಟದ್ದು ಬಬಲೇಶ್ವರಕ್ಕೆ. ಆ ಕಡೆ ಹೊರಟಿದ್ದ ಬಳೆಗಾರನಿಗೆ ಅಪ್ಪ, ಹೊಲಕ್ಕೆ ಹೋಗುವ ಅವಸರದಲ್ಲಿ, ಹೇಳಿದ್ದು ಇಷ್ಟೇ: "ನಮ್ಮ ತಂಗಿಗೆ ಹೇಳ್ರಿ, ಅವ್ವಗ ಜರಾ ಆರಾಮಿಲ್ಲ, ಬಂದು ಹೋಗು ಅಂತ." ಬಳೆಗಾರ ಒಂದಕ್ಷರ ತಪ್ಪದೆ ಮುಟ್ಟಿಸಿದ.

ಮರುದಿನ ಮಧ್ಯಾಹ್ನ ಆಯಿ ಪಡಸಾಲೆಯ ಗೋಡೆಗೆ ಒರಗಿ ಕೂತು ನುಚ್ಚು ಮಜ್ಜಿಗೆ ಉಣ್ಣುತ್ತಿದ್ದಳು. ನಾನು ಅವಳ ಕಾಲು ಒತ್ತುತ್ತಿದ್ದೆ. ಓಣಿಯ ತಿರುವಿನಲ್ಲಿ ಹೆಣ್ಣಿನ ಅಳು ಎದ್ದಿತು. ಸತ್ತವರ ಮನೆಗೆ ಬರುವ ಹೆಂಗಸರು ಅಲ್ಲಿಂದಲೇ ಹಾಡಿಕೊಂಡು ಅಳುತ್ತಾ ಬರುವುದು ರೂಢಿ.

"ಯಾರ ಮನ್ಯಾಗ ಏನಾತಬೇ?" ಅಂದಳು ಆಯಿ.

"ನನ್ನ ಹಡದವ್ವಾ, ನನ್ನ ತವರಿನ ದೀಪಾ, ನನಗೊಂದ ಮಾತ ಹೇಳದ ಹೆಂಗ ಹೋದೆವ್ವಾ..."

ಆಯಿಯ ಕೈ ತಾಟಿನಲ್ಲೇ ನಿಂತಿತು. ಮಗಳ ದನಿ ಗುರುತು ಸಿಕ್ಕಿತ್ತು. ಎದ್ದು ಓಡಲು ಹೋದ ನನ್ನನ್ನು ಹಿಡಿದು ಕೂರಿಸಿದಳು. "ಇರು. ಕೇಳೂಣು."

ಅಳು ಒಂದೊಂದೇ ಮನೆ ದಾಟಿ ಹತ್ತಿರ ಬಂತು. ಆಯಿ ಕಣ್ಣು ಮುಚ್ಚಿ ಕೇಳಿದಳು. ಕಟ್ಟಿ ಕಳಿಸಿದ ಸಜ್ಜೆ ರೊಟ್ಟಿ, ಬಾಣಂತನದಲ್ಲಿ ಸವರಿದ ಬೆನ್ನು, ಎಲ್ಲಾ ಅದರಲ್ಲಿತ್ತು.

ಅತ್ತೆ ಹೊಸ್ತಿಲ ಮೇಲೆ ಕುಸಿದು ತಲೆ ಎತ್ತಿದಳು.

"ಒಳಗ ಬಾ ಬೇ. ಇನ್ನೂ ಜೀವ ಐತಿ," ಅಂದಳು ಆಯಿ. "ಕೈಕಾಲ ತೊಳಕೊಂಡು ಉಣ್ಣು."

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸಂಜೆ ಅಪ್ಪ ಬರುವ ಹೊತ್ತಿಗೆ ಕಟ್ಟೆಯ ಮೇಲೆ ನಗೆ ನಡೆದಿತ್ತು. ಒಬ್ಬರು ಬಳೆಗಾರನನ್ನು ಬೈದರೆ ಇನ್ನೊಬ್ಬರು, "ಉಣ್ಣಾಕತ್ತಿದ್ದಾಕಿನ್ನ ಮಣ್ಣ ಮಾಡಾಕ ಬಂದಾಳ ನೋಡ್ರಿ ಮಗಳು!" ಅನ್ನುತ್ತಿದ್ದರು. ಅಪ್ಪ ಅವರ ಮುಂದೆ ನಿಂತ.

"ಅವರಿಬ್ಬರದೂ ತಪ್ಪಿಲ್ರಿ. ನಮ್ಮ ಮಂದಿಗೆ ಆ ಮಾತು ಹೆಂಗ ಕೇಳಸ್ತೈತಿ ಅನ್ನೂದು ನನಗ ಗೊತ್ತಿತ್ತು. ಜ್ವರ ಇಳದೈತಿ, ಉಣ್ಣಾಕತ್ತಾಳ ಅಂತ ನಾನ ಬಿಡಿಸಿ ಹೇಳಬೇಕಾಗಿತ್ತು."

ಆಯಿ ಆಮೇಲೂ ಒಂದೆರಡು ಸುಗ್ಗಿ ಕಂಡಳು. ಅತ್ತೆ ಬಂದಾಗೆಲ್ಲ ನಗುತ್ತಾ ಕೇಳುವಳು: "ಅವತ್ತ ಹಾಡ ಹೊಸ್ತಿಲಕ್ಕ ಬಿಟ್ಟಿಯಲ್ಲ, ಮುಂದ ಏನಿತ್ತು ಬೇ?" ಅತ್ತೆ ನಗುತ್ತಿರಲಿಲ್ಲ. ಆಯಿಯ ಮುಖವನ್ನೂ ನೋಡುತ್ತಿರಲಿಲ್ಲ.

ಆಯಿ ನಿಜವಾಗಿ ಹೋದ ದಿನ ಅಪ್ಪ ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ. ವಿಜಯಪುರದಲ್ಲಿ ಬಸ್ಸು ಬದಲಿಸಿ ತಾನೇ ಬಬಲೇಶ್ವರಕ್ಕೆ ಹೋದ. ಅತ್ತೆ ಬಾಗಿಲಲ್ಲೇ ಕೇಳಿದಳಂತೆ.

"ಯಣ್ಣಾ, ಅವ್ವಗ ಆರಾಮಿಲ್ಲೇನು?"

"ಅವ್ವ ಸತ್ತಾಳ, ತಂಗೀ."

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಆಯಿಯನ್ನು ಅದೇ ಗೋಡೆಗೆ ಒರಗಿಸಿ ಕೂರಿಸಿತ್ತು. ನಾವೆಲ್ಲ ಓಣಿಯ ತಿರುವಿಗೆ ಕಿವಿ ಕೊಟ್ಟು ಕಾದೆವು. ಅಳು ಏಳಲಿಲ್ಲ. ಅಪ್ಪನ ಹಿಂದೆ ಅತ್ತೆ ಸುಮ್ಮನೆ ನಡೆದು ಬಂದು, ಆಯಿಯ ಎದುರು ಕೂತಳು.

"ಹಾಡ್ಯಾಡಿ ಅತ್ತಬಿಡು ಬೇ, ಎದಿ ಹಗುರಾಗ್ತೈತಿ," ಅಂದರು ಹೆಂಗಸರು.

"ಆಕಿ ಎಲ್ಲಾ ಕೇಳ್ಯಾಳ್ರಿ," ಅಂದಳು ಅತ್ತೆ.