ಎದ್ದೆ ಎಂಬ ಮಾತು

ಯಾರಾದರೂ ಒಳಗಿನಿಂದ ಕರೆದರೆ ನಾವು ಕೂತಲ್ಲಿಂದಲೇ "ಬಂದೆ" ಎನ್ನುತ್ತೇವೆ. ಬಂದಿರುವುದಿಲ್ಲ. ಚಪ್ಪಲಿ ಹುಡುಕುತ್ತ "ಹೊರಟೆ" ಎನ್ನುತ್ತೇವೆ. ಹೊರಟಿರುವುದಿಲ್ಲ. ಅದನ್ನು ಯಾರೂ ಸುಳ್ಳೆಂದು ಹಿಡಿಯುವುದಿಲ್ಲ. ಆದರೆ ಅವನಿಗೂ ಅವನ ಅಕ್ಕನಿಗೂ ನಡುವೆ ಅಂಥದೊಂದು ಮಾತು ಅಕ್ಷರಶಃ ನಿಜವಾಗಿರಬೇಕಿತ್ತು. ಆ ಮಾತು "ಎದ್ದೆ".

ಅವನು ಇಸ್ಪೀಟಾಡಿ ಬದುಕುವವನು. ಪೋಕರ್ ಅವನ ಹವ್ಯಾಸವಲ್ಲ, ಕೆಲಸ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕ್ಲಬ್ಬು. ಬೆಳಿಗ್ಗೆ ಅಂಗಡಿಯವರು ಷಟರ್ ಎತ್ತುವ ಹೊತ್ತಿಗೆ ಅವನೂ ಮೆಟ್ಟಿಲು ಹತ್ತುತ್ತಿದ್ದ. ಆಟ ಹೇಳುವುದಕ್ಕೆ ಸುಲಭ. ಪ್ರತಿಯೊಬ್ಬರ ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಐದು ಎಲೆ. ಆ ಐದು ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತ ಹೋದಂತೆ ಬಣ್ಣದ ಬಿಲ್ಲೆಗಳನ್ನು ಮುಂದೆ ತಳ್ಳುತ್ತ ಪಣ ಏರಿಸುತ್ತಾರೆ. ಬಿಲ್ಲೆ ಎಂದರೆ ದುಡ್ಡೇ, ನೋಡಲು ಆಟಿಕೆಯಂತಿರುತ್ತದೆ, ಅಷ್ಟೆ.

ಮೊದಲು ಅವನು ಕನ್ನಡಕದ ಅಂಗಡಿಯಲ್ಲಿದ್ದ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, ಒಂದು ಗೇಣು ದೂರದಿಂದ ಮುಖ ನೋಡುವ ಕೆಲಸ. ಬೆಲೆ ಹೇಳಿದಾಗ ಯಾರ ರೆಪ್ಪೆ ಹೇಗೆ ಬಡಿಯುತ್ತದೆ, ಸಾಲುತ್ತಿಲ್ಲ ಎನ್ನಲು ನಾಚುವವರು ಯಾವ ಕಡೆ ನೋಡುತ್ತಾರೆ, ಎಲ್ಲ ಅವನಿಗೆ ತಿಳಿಯದೆಯೇ ಬಾಯಿಪಾಠವಾಗಿತ್ತು. ಒಂದು ರಜಾ ದಿನ ಯಾರೋ ಕ್ಲಬ್ಬಿಗೆ ಕರೆದುಕೊಂಡು ಹೋದರು. ಅಲ್ಲಿ ಕೂತವರ ಮುಖಗಳೂ ಅವೇ ಮುಖಗಳು. ವರ್ಷ ಕಳೆಯುವುದರೊಳಗೆ ಅಂಗಡಿ ಬಿಟ್ಟ.

ಕ್ಲಬ್ಬಿನಲ್ಲಿ ಅವನಿಗೆ "ತಣ್ಣೀರು" ಎಂದು ಹೆಸರು. ಬೇರೆಯವರು ಚಹಾ ತರಿಸಿದರೆ ಅವನು ತಣ್ಣೀರು ಕೇಳುತ್ತಿದ್ದ. ಸೋತಾಗಲೂ ಗೆದ್ದಾಗಲೂ ಮುಖ ಒಂದೇ. ಹಲ್ಲಿನ ಡಾಕ್ಟರೊಬ್ಬರು ಮಧ್ಯಾಹ್ನ ತಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿಕೊಂಡು ಬಂದು ಆಡುತ್ತಿದ್ದರು. ಅವರು ಹೇಳುತ್ತಿದ್ದರು, "ಇವರನ್ನ ನನ್ನ ಕುರ್ಚೀಲಿ ಕೂರಿಸಿ ಇಂಜೆಕ್ಷನ್ ಇಲ್ದೆ ಹಲ್ಲು ಕಿತ್ರೂ ಹಿಂಗೇ ಕೂತಿರ್ತಾರೆ ಕಣ್ರೀ."

ಆಟದಲ್ಲಿ ಸೋಲುವುದು ತಪ್ಪಲ್ಲ. ಸರಿಯಾಗಿ ಆಡಿಯೂ ಕೊನೆಯ ಎಲೆಯಲ್ಲಿ ಸೋಲುತ್ತಾರೆ. ಅದಾದ ಮೇಲಿನ ಹೊತ್ತು ಇದೆಯಲ್ಲ, ಅದೇ ಮನುಷ್ಯನನ್ನು ತಿನ್ನುವುದು. ಕ್ಲಬ್ಬಿನವರು ಅದಕ್ಕೆ "ಕಾವು" ಎನ್ನುತ್ತಿದ್ದರು. ಕಾವೇರಿದವನು ಕೆಟ್ಟ ಎಲೆಗೂ ಪಣ ಕಟ್ಟುತ್ತಾನೆ, ಬೈಯುತ್ತಾನೆ, ಮೇಜು ಗುದ್ದುತ್ತಾನೆ. ತಣ್ಣೀರಿನ ಕಾವು ಹಾಗಲ್ಲ. ಹೊರಗೆ ಏನೂ ಕಾಣುತ್ತಿರಲಿಲ್ಲ. ಒಳಗೆ ಒಂಥರಾ ಸಿಹಿ ಏಳುತ್ತಿತ್ತು. ಹೇಗೂ ಕೆಟ್ಟಿತು, ಪೂರ್ತಿ ಕೆಡಲಿ, ಒಂದೂ ಉಳಿಯದಿರಲಿ, ಆಮೇಲೆ ಕಾಯುವುದಕ್ಕೆ ಏನೂ ಇರುವುದಿಲ್ಲ ಎಂಬ ಸಿಹಿ. ಆಗ ಅವನು ಬಿಲ್ಲೆಗಳನ್ನು ಗೆಲ್ಲಲೆಂದು ತಳ್ಳುತ್ತಿರಲಿಲ್ಲ. ಮನೆ ಖಾಲಿ ಮಾಡುವವನು ಸಾಮಾನು ಹೊರಗಿಡುವಂತೆ ತಳ್ಳುತ್ತಿದ್ದ.

ಅಕ್ಕನಿಗೆ ಇದು ಹೊಸದಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳು. ಚಿಕ್ಕಂದಿನಲ್ಲಿ ಕಾಪಿ ಬರೆಯುವಾಗ ಒಂದು ಅಕ್ಷರ ತಪ್ಪಿದರೆ ಅವನು ರಬ್ಬರು ಮುಟ್ಟುತ್ತಿರಲಿಲ್ಲ. ಆ ಹಾಳೆ ಹರಿಯುತ್ತಿದ್ದ. ಆಮೇಲೆ ಅದರ ಹಿಂದಿನ ಚೆನ್ನಾಗಿ ಬರೆದ ಹಾಳೆ. ಆಮೇಲೆ ರಟ್ಟು. ಅಳುತ್ತಲೂ ಇರಲಿಲ್ಲ. ಅವಳು ಗೋಂದು ಹಚ್ಚಿ ಅಂಟಿಸುತ್ತಿದ್ದಳು.

ಈಗ ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಒಂದೇ ಮನೆಯಲ್ಲಿ, ಎರಡು ಕೋಣೆ, ಮಧ್ಯೆ ಅವಳೇ ಹೊಲಿದ ಪರದೆ. ಒಂದು ಸಂಜೆ ಅವನು ವರ್ಷವಿಡೀ ಗಳಿಸಿದ್ದನ್ನೆಲ್ಲ ಒಂದೇ ಮಧ್ಯಾಹ್ನ ಹೊರಗಿಟ್ಟು ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡ. ನಲ್ಲಿ ಸುರಿಯುತ್ತಲೇ ಇತ್ತು. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂತಳು.

"ಬಾಗಿಲು ತೆಗಿ."

"ಬಟ್ಟೆ ಒಗೀತಿದೀನಿ."

"ನೀನು ಬಟ್ಟೆ ಒಗೆದಿದ್ದನ್ನ ನನ್ನ ಜನ್ಮದಲ್ಲೇ ಕಂಡಿಲ್ಲ. ತೆಗಿ."

ಅವನು ತೆಗೆಯಲಿಲ್ಲ. ನಲ್ಲಿ ನಿಲ್ಲಿಸಿದ. ಬಾಗಿಲಿನ ಆಚೆಯಿಂದಲೇ ಹೇಳಿದ, "ನಂಗೆ ಗೊತ್ತಾಗುತ್ತಕ್ಕ. ಕಾವು ಬರ್ತಿದೆ ಅಂತ ಗೊತ್ತಾಗುತ್ತೆ. ಆದ್ರೆ ಏಳಕ್ಕೆ ಆಗಲ್ಲ. ಯಾರೋ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ ಹಂಗಿರುತ್ತೆ."

"ಬೆರಳು ಆಡ್ಸಕ್ಕೆ ಆಗುತ್ತಾ?"

"ಆಗುತ್ತೆ."

"ಹಂಗಾದ್ರೆ ಜೇಬಲ್ಲೇ ಒತ್ತಿ ಮಿಸ್ಡ್ ಕಾಲ್ ಕೊಡು. ನಾನು ಮಾಡ್ತೀನಿ. ಎದ್ಯಾ ಅಂತ ಕೇಳ್ತೀನಿ. ಎದ್ದು ನಿಂತಿದ್ರೆ ಮಾತ್ರ ಎದ್ದೆ ಅನ್ನು. ಎದ್ದಿಲ್ಲ ಅಂದ್ರೆ ಇಲ್ಲ ಅನ್ನು, ಏಳೋವರೆಗೂ ಕೇಳ್ತಾ ಇರ್ತೀನಿ, ಬೈಯಲ್ಲ. ಕೂತ್ಕೊಂಡು ಮಾತ್ರ ಎದ್ದೆ ಅನ್ಬೇಡ ಕಣೋ. ಆ ಒಂದು ಮಾತು ಕೆಟ್ರೆ ನನ್ಹತ್ರ ಬೇರೆ ಏನೂ ಇಲ್ಲ."

ಅದು ನಡೆಯಿತು. ನಡೆಯುತ್ತದೆಂದು ಇಬ್ಬರಿಗೂ ನಂಬಿಕೆಯಿರಲಿಲ್ಲ, ಆದರೂ ನಡೆಯಿತು. ಕೆಟ್ಟ ಎಲೆ ಬೀಳುವುದು, ಹೆಬ್ಬೆರಳು ಜೇಬಿನಲ್ಲಿ ಗುಂಡಿ ಒತ್ತುವುದು, ಫೋನು ಬರುವುದು. ಅವಳು ಹೊಲಿಗೆ ಮಷೀನಿನ ಪೆಡಲಿನಿಂದ ಕಾಲು ತೆಗೆದೇ ಮಾತಾಡುತ್ತಿದ್ದಳು. ಅವನಿಗೆ ಮೊದಲು ಕೇಳುತ್ತಿದ್ದದ್ದು ಮಷೀನು ನಿಲ್ಲುವ ಸದ್ದು.

"ಎದ್ಯಾ?"

"ಇಲ್ಲ."

"ಎದ್ಯಾ?"

ಅವನು ಏಳುತ್ತಿದ್ದ. "ಎದ್ದೆ."

"ಬರ್ತಾ ಬಿಳಿ ದಾರ ತಗೊಂಡು ಬಾ. ಹೋದ್ಸಲದ ಹಂಗೆ ಕೆನೆ ಬಣ್ಣದ್ದು ತರ್ಬೇಡ. ಕನ್ನಡಕದಂಗಡೀಲಿ ಇದ್ದವನು ಅಂತ ಹೇಳ್ಕೊಳಕ್ಕೆ ನಾಚ್ಕೆ ಆಗುತ್ತೆ."

ಮಷೀನು ಮತ್ತೆ ಓಡುತ್ತಿತ್ತು. ಕ್ಲಬ್ಬಿನಲ್ಲಿ ಜನ ನಗುತ್ತಿದ್ದರು. "ಮನೆಯಿಂದ ಆರ್ಡರ್ ಬಂತು, ತಣ್ಣೀರು ಹೊರಟ್ರು," ಎನ್ನುತ್ತಿದ್ದರು ಡಾಕ್ಟರು. ಅವನು ಬಿಲ್ಲೆಗಳನ್ನು ಎತ್ತಿಕೊಂಡು ಇಳಿದುಬಿಡುತ್ತಿದ್ದ. ಬೀದಿಯಲ್ಲಿ ರಬ್ಬರಿನ ವಾಸನೆ, ಬಿಸಿಲು. ಅರ್ಧ ದಾರಿ ಕಳೆಯುವಷ್ಟರಲ್ಲಿ ಹೆಗಲ ಮೇಲಿನ ಕೈ ತಾನಾಗಿ ಸರಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವನ ಕೈಯಲ್ಲಿ ಎರಡು ರಾಜ, ಮೇಜಿನ ಮೇಲೆ ಇನ್ನೊಂದು ರಾಜ. ಡಾಕ್ಟರು ಗೆಲ್ಲಬೇಕಾದರೆ ಕೊನೆಯ ಎಲೆ ಕೆಂಪು ಹೃದಯದ ಗುರುತಿನ ಆಟಿನ್ನೇ ಬೀಳಬೇಕು. ಐದಾರು ಸಲಕ್ಕೆ ಒಂದು ಸಲ ಬಿದ್ದರೆ ಹೆಚ್ಚು. ಅವರಿಗೂ ಅದು ಗೊತ್ತಿತ್ತು. ಸುಮ್ಮನೆ ನಗುತ್ತ ಎಲ್ಲ ಬಿಲ್ಲೆಗಳನ್ನೂ ತಳ್ಳಿದರು. ಆಟಿನ್ ಬಿತ್ತು.

"ಅಯ್ಯೋ ಪಾಪ," ಎಂದರು ಡಾಕ್ಟರು, ನಿಜವಾಗಿಯೇ ಪಾಪ ಎನಿಸಿ.

ಹೆಬ್ಬೆರಳು ತನ್ನ ಕೆಲಸ ಮಾಡಿತು. ಫೋನು ಬಂತು. ಮಷೀನು ನಿಂತಿತು.

"ಎದ್ಯಾ?"

"ಎದ್ದೆ," ಎಂದ ಅವನು, ಕೂತುಕೊಂಡು.

ಮೋಸ ಮಾಡಬೇಕೆಂದು ಹೇಳಿದ್ದಲ್ಲ. ಇನ್ನೇನು ಏಳುತ್ತೇನೆ, ಉಸಿರು ಬಿಟ್ಟು ಏಳುತ್ತೇನೆ ಎಂದುಕೊಂಡೇ ಹೇಳಿದ. ಎಲ್ಲರೂ "ಬಂದೆ" ಎನ್ನುವ ಹಾಗೆ. ಅಕ್ಕ "ಸರಿ" ಎಂದಳು. ದಾರದ ಮಾತು ಬರಲಿಲ್ಲ. ಅವನು ಸಂಜೆಯವರೆಗೆ ಕೂತಿದ್ದ. ಜೇಬಿನಲ್ಲಿದ್ದುದನ್ನೂ ಬಿಲ್ಲೆ ಮಾಡಿಸಿ, ಎಲ್ಲವನ್ನೂ ಹೊರಗಿಟ್ಟು, ಬರಿಗೈಯಲ್ಲಿ ಮೆಟ್ಟಿಲಿಳಿದ.

ಮನೆಯಲ್ಲಿ ಅಕ್ಕ ಎಡಗೈಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಲಗೈಯ ತೋರುಬೆರಳಿಗೆ ದಪ್ಪ ಬ್ಯಾಂಡೇಜು.

"ಏನಾಯ್ತಕ್ಕ?"

"ಸೂಜಿ. ಉಗುರು ತೂರಿ ಹೋಯ್ತು."

"ಯಾವಾಗ?"

"ನೀನು ಎದ್ದೆ ಅಂದಮೇಲೆ."

ಅವನು ಗೋಡೆಗೆ ಒರಗಿ ಕೂತ. ನಲ್ಲಿಯ ನೀರು ಬೀಳುತ್ತಲೇ ಇತ್ತು. ಅವನು ಕೇಳಿದ, "ನಿಂಗೆ ಹೆಂಗ್ ಗೊತ್ತಾಯ್ತು?"

"ಕುರ್ಚಿ," ಎಂದಳು ಅಕ್ಕ. "ನೀನು ಎದ್ದಾಗೆಲ್ಲ ಕುರ್ಚಿ ಕಿರ್ರ್ ಅನ್ನುತ್ತೆ. ಇವತ್ತು ಅನ್ನಲಿಲ್ಲ."

ನಿಜ. ಕ್ಲಬ್ಬಿನವು ಕಬ್ಬಿಣದ ಕುರ್ಚಿಗಳು, ಕಾಲಿನ ರಬ್ಬರು ಎಂದೋ ಸವೆದು ಹೋಗಿತ್ತು. ಯಾರು ಎದ್ದರೂ ಕಲ್ಲಿನ ನೆಲ ಕಿರುಚುತ್ತಿತ್ತು. ಅಲ್ಲಿಯೇ ಕೂತವನಿಗೆ ಆ ಸದ್ದು ಎಂದೂ ಕಿವಿಗೆ ಬಿದ್ದಿರಲಿಲ್ಲ.

"ಗೊತ್ತಿದ್ರೂ ಯಾಕೆ ಬೈಲಿಲ್ಲ?"

"ಇನ್ನೊಂದ್ಸಲ ಕೇಳಿದ್ರೆ ಇನ್ನೊಂದ್ಸಲ ಎದ್ದೆ ಅಂತಿದ್ದೆ. ಒಂದು ಹರಕನ್ನೇ ಹೊಲಿಯಕ್ಕೆ ಆಗ್ತಿಲ್ಲ, ಎರಡನ್ನ ಎಲ್ಲಿ ಹೊಲೀಲಿ." ಕೈ ಒರೆಸಿಕೊಂಡು ಅವನ ಎದುರು ಕೂತಳು. "ಕನ್ನಡಕದಂಗಡಿಗೆ ವಾಪಸ್ ಹೋಗ್ತೀಯಾ?"

"ಹೋಗಿ ಕೇಳಿದ್ದೆ. ಬೇರೆಯವರನ್ನ ಇಟ್ಕೊಂಡಿದಾರೆ. ಈಗ ಕಣ್ಣಳತೆ ಎಲ್ಲ ಮಷೀನಲ್ಲೇ ಅಂತೆ."

ಅಕ್ಕ ಬ್ಯಾಂಡೇಜಿನ ಅಂಚು ಕೀಳುತ್ತಿದ್ದಳು. "ಫೋನ್ ಮಾಡ್ತೀನಿ," ಎಂದಳು ಕೊನೆಗೆ. "ಇನ್ನೊಂದ್ಸಲ ಹಿಂಗಾದ್ರೆ ನನ್ನ ಕೈಲಾಗಲ್ಲ ಕಣೋ. ನಿಜವಾಗ್ಲೂ ಆಗಲ್ಲ."

ಅವನು ಅವಳ ಗಾಯವಿಲ್ಲದ ಕೈ ಹಿಡಿದುಕೊಂಡು ಇನ್ನು ಹೀಗಾಗಲ್ಲ ಎಂದ. ಆ ಹೊತ್ತಿಗೆ ಅದು ನಿಜವೇ.

ಆದರೆ ಅವಳು ಒಂದು ತಪ್ಪು ಮಾಡಿದ್ದಳು. ಇಸ್ಪೀಟು ಮುಟ್ಟದವಳು, ಅವಳಿಗೆ ಗೊತ್ತಾಗುವುದಾದರೂ ಹೇಗೆ. ಎದುರಿನವನ ಗುಟ್ಟು ನಿನಗೆ ಯಾವುದರಿಂದ ತಿಳಿಯಿತು ಎಂಬುದನ್ನು ಎದುರಿನವನಿಗೆ ಹೇಳಬಾರದು. ಮಲಗಿದಾಗ ಅವನಿಗೆ ಅದು ಹೊಳೆಯಿತು. ಬೇಡವೆಂದರೂ ಹೊಳೆಯಿತು, ಕಸಬಿನವನಲ್ಲವೆ. ಗೋಡೆಯ ಕಡೆ ತಿರುಗಿ ಮಲಗಿದ.

ಅಕ್ಕ ಕೊಟ್ಟ ದುಡ್ಡನ್ನಿಟ್ಟುಕೊಂಡೇ ಅವನು ಮತ್ತೆ ಮಹಡಿ ಹತ್ತಿದ. ಒಂದಷ್ಟು ದಿನ ಎಲ್ಲ ಸರಿಯಾಗಿತ್ತು. ಎದ್ದಾಗಲೇ ಎದ್ದೆ ಎಂದ. ಬಿಳಿ ದಾರ ಕೇಳಿದರೆ ಬಿಳಿಯದೇ ತಂದ. ಬ್ಯಾಂಡೇಜು ತೆಳ್ಳಗಾಗುತ್ತ ಬಂದು ಒಂದು ದಿನ ಇರಲಿಲ್ಲ. ಉಗುರು ಮಾತ್ರ ಕಪ್ಪು.

ಆಮೇಲೆ ಒಂದು ಮಧ್ಯಾಹ್ನ. ಮತ್ತೆ ಡಾಕ್ಟರೇ, ಮತ್ತೆ ಕೊನೆಯ ಎಲೆಯೇ. ದೊಡ್ಡ ಸೋಲೂ ಅಲ್ಲ ಅದು. ಆದರೆ ಹೆಗಲ ಮೇಲೆ ಆ ಕೈ ಬಂದು ಕೂತಿತು, ಒಳಗೆ ಆ ಸಿಹಿ ಎದ್ದಿತು. ಜೇಬಿನಲ್ಲಿ ಹೆಬ್ಬೆರಳು ಒತ್ತಿತು. ಫೋನು ಬಂತು. ಮಷೀನು ನಿಂತಿತು. ಅವಳು ಉಸಿರು ಹಿಡಿದು ಕಿವಿಗೊಟ್ಟಿರುವುದು ಅವನಿಗೆ ಗೊತ್ತಾಗುತ್ತಿತ್ತು.

"ಎದ್ಯಾ?"

ಅವನು ಹಿಮ್ಮಡಿಯನ್ನು ನೆಲಕ್ಕೆ ಊರಿ, ಕೂತಂತೆಯೇ ಕುರ್ಚಿಯನ್ನು ಹಿಂದಕ್ಕೆ ನೂಕಿದ. ಕಲ್ಲಿನ ಮೇಲೆ ಕಬ್ಬಿಣ ಕಿರ್ರೆಂದಿತು.

"ಎದ್ದೆ."

ಆ ಕಡೆ ಉಸಿರು ಬಿಟ್ಟ ಸದ್ದು. "ಗೊತ್ತಾಯ್ತು, ಕೇಳಿಸ್ತು," ಎಂದಳು ಅಕ್ಕ. ಅವಳ ದನಿಯಲ್ಲಿ ನಗು ಬಂದಿತ್ತು. "ಇವತ್ತು ದಾರ ಏನೂ ಬೇಡ. ಸುಮ್ನೆ ಬಂದ್ಬಿಡು. ಒಟ್ಟಿಗೆ ಊಟ ಮಾಡೋಣ, ಕಾಯ್ತಿರ್ತೀನಿ."

ಫೋನು ಇಡುವ ಮೊದಲು ಮಷೀನು ಓಡತೊಡಗಿದ್ದು ಅವನಿಗೆ ಕೇಳಿಸಿತು. ಸರಾಗವಾಗಿ ಓಡುತ್ತಿತ್ತು, ಕೈ ನಡುಗದವರ ಹೊಲಿಗೆ.

"ಹೊರಟ್ರಾ ತಣ್ಣೀರು?" ಎಂದರು ಡಾಕ್ಟರು ಎಲೆಗಳಿಂದ ಕಣ್ಣೆತ್ತಿ.

"ಇಲ್ಲ," ಎಂದ ಅವನು. "ಕುರ್ಚಿ ಸರಿ ಮಾಡ್ಕೊಂಡೆ."

ಮತ್ತು ಅದನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.