ಹೊಸ್ತಿಲಾಚೆಯ ಕುಡಿಕೆ

ಮೊನ್ನೆ ನಾನು ಪಬ್ಬಿಗೆ ಹೋಗಿದ್ದೆ. ನಗಬೇಡಿ. ಎಪ್ಪತ್ತು ದಾಟಿದ, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ಮಲಗುವ ಹೆಂಗಸಿಗೆ ಇದೇನು ಬಂತು ಎನ್ನಬೇಡಿ. ಬೆಂಗಳೂರಿನಲ್ಲಿರುವ ಮೊಮ್ಮಗಳಿಗೆ ಬ್ಯಾಂಕಿನ ಕೆಲಸ ಕಾಯಂ ಆಯಿತು. ಗೆಳತಿಯರನ್ನು ಕಟ್ಟಿಕೊಂಡು ಹೊರಟವಳಿಗೆ ಊರಿಂದ ಬಂದ ನನ್ನನ್ನು ಒಬ್ಬಳನ್ನೇ ಬಿಟ್ಟುಹೋಗಲು ಮನಸ್ಸಾಗಲಿಲ್ಲ. "ಅಜ್ಜಿ, ನೀನೂ ಬಾ. ಅಲ್ಲಿ ನಿಂಬೆ ಜ್ಯೂಸೂ ಸಿಗುತ್ತೆ," ಎಂದಳು. ಊಟದ ಹೋಟೆಲ್ಲೆಂದು ತಿಳಿದು ಹೋದೆ ಎಂದರೆ ಸುಳ್ಳಾಗುತ್ತದೆ. ಗೊತ್ತಿದ್ದೇ ಹೋದೆ. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆಯನ್ನೇ ಉಟ್ಟುಕೊಂಡೆ.

ಒಳಗೆ ಅರೆಗತ್ತಲು. ದುಡ್ಡು ಕೊಟ್ಟು ಕತ್ತಲಲ್ಲಿ ಕೂರುವವರನ್ನು ನಾನು ಸಿನಿಮಾ ಟಾಕೀಸು ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಎದೆಗೂಡು ಅದುರುವಂಥ ಹಾಡು ಬೇರೆ. ನನ್ನ ಪಕ್ಕದ ಹುಡುಗಿಯ ಮುಂದೆ ಯಾರೋ ಒಂದು ದೊಡ್ಡ ಗಾಜಿನ ಮಗ್ ತಂದಿಟ್ಟರು. ಬಿಳಿ ನೊರೆ ಅಂಚು ಮೀರಿ ಮೇಜಿನ ಮೇಲೆ ಇಳಿಯಿತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಡೂ ಹೋಯಿತು, ಬೆಂಗಳೂರೂ ಹೋಯಿತು. ನಾನು ನ್ಯಾಮತಿಯ ನಮ್ಮ ಮನೆಯ ಜಗುಲಿಯ ಮೇಲೆ, ಮುಚ್ಚಿದ ಬಾಗಿಲ ಮುಂದೆ, ನಮ್ಮತ್ತೆಯ ಪಕ್ಕದಲ್ಲಿ ಕೂತಿದ್ದೆ.

ಹೆಂಡದ ವಾಸನೆ ಈ ಮುದುಕಿಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ನೀವು ಕೇಳಿಯೇ ಕೇಳುತ್ತೀರಿ. ಅದನ್ನೇ ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ.

ಬಸವಾಪಟ್ಟಣದ ಹುಡುಗಿಯಾದ ನಾನು ನ್ಯಾಮತಿಗೆ ಸೊಸೆಯಾಗಿ ಬಂದದ್ದು ಜರ್ಮನಿಯ ಎರಡನೇ ಯುದ್ಧ ಶುರುವಾಗುವ ಹೊತ್ತಿಗೆ. ಊರಾಚೆ ಹಳ್ಳದ ದಂಡೆಯಲ್ಲಿ ಈಚಲುವನ, ಅದರ ಪಕ್ಕಕ್ಕೆ ಹೆಂಡದಂಗಡಿ. ಅಂಗಡಿ ಎಂದರೆ ಒಂದು ಗರಿಯ ಚಪ್ಪರ, ಕೂರಲು ನಾಕು ಮರದ ದಿಮ್ಮಿ, ಕುಡಿಯಲು ಮಣ್ಣಿನ ಕುಡಿಕೆ. ಒಬ್ಬಾಕೆ ಬಾಗಿಲಲ್ಲೇ ಒಲೆ ಹೂಡಿ ಒಣಮೀನು ಸುಡುತ್ತಿದ್ದಳು, ಕಡಲೆ ಹುರಿಯುತ್ತಿದ್ದಳು. ಸಂಜೆ ಹೊಲದಿಂದ ಬಂದವರು ಅಲ್ಲಿ ಕೂತು ಹಾಡುತ್ತಿದ್ದರು, ಜಗಳ ಕಾಯುತ್ತಿದ್ದರು, ಅಳುತ್ತಿದ್ದರು, ಮತ್ತೆ ಹಾಡುತ್ತಿದ್ದರು. ಹೆಂಗಸರು ಆ ದಾರಿಯಲ್ಲಿ ಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಕೆಂಬ ಕಟ್ಟಳೆ ಇತ್ತು. ಕಣ್ಣು ಮುಚ್ಚಿಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ, ಹಾಗಾಗಿ ನಾನು ಎಲ್ಲವನ್ನೂ ನೋಡಿದ್ದೇನೆ.

ನಮ್ಮ ಮಾವ ಅಲ್ಲಿನ ಕಾಯಂ ಗಿರಾಕಿ. ನಮ್ಮವರು, ಅಂದರೆ ಅವರ ಒಬ್ಬನೇ ಮಗ, ಅದೇ ಅಂಗಡಿಯ ಮುಂದೆ ಬಿಳಿ ಟೋಪಿ ಹಾಕಿಕೊಂಡು ಕೈ ಮುಗಿದು ನಿಲ್ಲುವ ಚಳುವಳಿಯವರು. ಕುಡಿಯಲು ಬರುವವರ ಕಾಲಿಗೆ ಬಿದ್ದು "ಬ್ಯಾಡಣ್ಣಾ, ಮನೆಗೆ ಹೋಗಣ್ಣಾ" ಎಂದು ಬೇಡಿಕೊಳ್ಳುವುದು ಅವರ ಕ್ರಮ. ಒಂದು ಸಂಜೆ ಬಂದವರು ಸ್ವಂತ ಅಪ್ಪನೇ. ನಿಯಮ ನಿಯಮವೇ ಎಂದು ಮಗ ಅಡ್ಡಬಿದ್ದರು. ಮಾವ ಅವರ ತಲೆ ಮುಟ್ಟಿ, "ನೂರ್ ವರ್ಷ ಬಾಳಪ್ಪಾ, ಮನೆ ತುಂಬ ಮಕ್ಕಳಾಗ್ಲಿ," ಎಂದು ಹರಸಿ ಒಳಗೆ ಹೋದರು. ಊರಿಗೆ ಊರೇ ತಿಂಗಳುಗಟ್ಟಲೆ ನಕ್ಕಿತು. ಈ ಕತೆಯನ್ನು ನನಗೆ ಹೇಳದ ಹೆಂಗಸೇ ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯಲಿಲ್ಲ.

ಹೆಂಡದಿಂದ ಹಾಳಾದ ಮನೆಗಳನ್ನೂ ನಾನು ಕಂಡಿದ್ದೇನೆ, ನಮ್ಮವರ ಹಟ ಸುಮ್ಮನೆ ಬಂದದ್ದಲ್ಲ. ಆದರೆ ಮಾವ ಕೈ ಮಾಡುವವರಲ್ಲ. ಕುಡಿಯದಿದ್ದಾಗ ಮಾತೇ ಇಲ್ಲದ, ಕಂಬದಂಥ ಮನುಷ್ಯ. ಕುಡಿದಾಗ ಮಾತ್ರ ಒಂಚೂರು ನಗೆ, ಒಂದೆರಡು ಮಾತು.

ನಾನು ಬಂದ ಮರುವರ್ಷದ ಬೇಸಿಗೆಯಲ್ಲಿ ಚಳುವಳಿಯವರು ಈಚಲುವನಕ್ಕೆ ಕೊಡಲಿ ಹಾಕಿದರು. ಅಂಗಡಿ ಮುಚ್ಚಿತು. ಅದೇ ಮಳೆಗಾಲದಲ್ಲಿ ಮಾವ ಜ್ವರ ಬಂದು ತೀರಿಕೊಂಡರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಆದರೂ ನಮ್ಮವರು ಎಷ್ಟೋ ದಿನ ಅತ್ತೆಯ ಮುಖ ನೋಡಿ ಮಾತಾಡಲಿಲ್ಲ.

ಆಮೇಲೆ ಹಿರಿಯರ ಹಬ್ಬ ಬಂತು. ತೀರಿಕೊಂಡವರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕೂರುವುದು ನಮ್ಮ ಕಡೆಯ ಪದ್ಧತಿ. ಹಿರಿಯರು ನಾಚಿಕೆ ಸ್ವಭಾವದವರು, ಯಾರಾದರೂ ನೋಡುತ್ತಿದ್ದರೆ ಉಣ್ಣುವುದಿಲ್ಲ. ಎಡೆಯ ಸಾಮಾನನ್ನು ಮಗನೇ ಹೋಗಿ ತರಬೇಕು. ಬೇರೆಯವರು ತಂದರೆ ಹಿರಿಯರು ದಾರಿ ತಪ್ಪಿ ಆ ಬೇರೆಯವರ ಮನೆಗೇ ಹೋಗಿಬಿಡುತ್ತಾರೆ.

ಹಬ್ಬದ ಹಿಂದಿನ ದಿನ ಅತ್ತೆ ರಾಗಿ ಬೀಸುತ್ತಲೇ ಮಗನಿಗೆ ಹೇಳಿದರು: "ನಾಳೆ ನಿಮ್ಮಪ್ಪಗೆ ಒಂದು ಕುಡಿಕೆ ಹೆಂಡ ತರಬೇಕಪ್ಪಾ."

ನಮ್ಮವರು ಬೆಚ್ಚಿಬಿದ್ದರು. ಹೊಳೆಯ ನೀರು ಬೊಗಸೆಯಲ್ಲಿ ಹಿಡಿದು ಆಣೆ ಮಾಡಿದ್ದವರು ಅವರು. ಹೆಂಡ ಕುಡಿಯುವುದಿಲ್ಲ, ಕೈಯಿಂದ ಮುಟ್ಟುವುದಿಲ್ಲ, ಮನೆಯ ಹೊಸ್ತಿಲು ದಾಟಿಸುವುದಿಲ್ಲ.

"ಹಾಲು ಇಡಾಣ ಕಣವ್ವಾ. ಗಟ್ಟಿ ಹಾಲು, ಬೆಲ್ಲ ಹಾಕಿ."

"ನಿಮ್ಮಪ್ಪ ತೊಟ್ಟಿಲು ಇಳಿದ ಮ್ಯಾಲೆ ಹಾಲು ಕುಡಿದಿದ್ದು ನಾ ಕಾಣೆ."

"ನಾನು ಆಣೆ ಮಾಡೀನಿ."

"ನೀ ಮಾಡೀಯ. ಅವರು ಮಾಡಿದ್ರಾ?"

ನಮ್ಮವರು ಎದ್ದು ಹೊರಗೆ ಹೋದರು. ಅತ್ತೆ ಕೂಗಾಡಲಿಲ್ಲ, ಹಟ ಹಿಡಿದು ಉಪವಾಸ ಕೂರಲಿಲ್ಲ. ಬೀಸುವುದನ್ನು ನಿಲ್ಲಿಸಿ, ಕಲ್ಲಿನ ಗೂಟ ಹಿಡಿದುಕೊಂಡೇ ಸದ್ದಿಲ್ಲದೆ ಅತ್ತರು. ಮಾವ ಸತ್ತ ದಿನವೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಒಂದು ಕುಡಿಕೆ ಹೆಂಡಕ್ಕೆ ಇಷ್ಟೊಂದು ಕಣ್ಣೀರೇ ಎಂದು ನನಗೆ, ಹದಿನೇಳರ ಹುಡುಗಿಗೆ, ಒಳಗೊಳಗೇ ನಗುವೂ ಬಂದಿರಬೇಕು. ಬುದ್ಧಿ ಅಷ್ಟೇ ಇತ್ತು.

ಮಾರನೆಯ ದಿನ ಕೋಳಿ ಕೂಗುವಾಗಲೇ ನಮ್ಮವರು ಎದ್ದು ಒಂದು ಬಿದಿರ ಕೋಲು, ಒಂದು ಹಗ್ಗ ತೆಗೆದುಕೊಂಡು ಹೊರಟರು. ಟೋಪಿಯನ್ನು ಗೂಟಕ್ಕೆ ಹಾಕಿ ಹೋಗಿದ್ದರು. ಹೊನ್ನಾಳಿಯಲ್ಲಿ ಹೊಳೆಯ ಕಡೆಗೆ ಇನ್ನೂ ಒಂದು ಅಂಗಡಿ ಉಳಿದಿತ್ತು. ಅಲ್ಲಿ ಏನು ನಡೆಯಿತೆಂಬುದನ್ನು ಅವರು ನನಗೆ ಹೇಳಿದ್ದು ಮಕ್ಕಳೆಲ್ಲ ದೊಡ್ಡವರಾದ ಮೇಲೆ.

ಅಂಗಡಿಯ ಮುಂದೆ ಕೈ ಮುಗಿದು ನಿಂತಿದ್ದವನು ರುದ್ರಪ್ಪ. ಹೊಳೆಯಲ್ಲಿ ನಮ್ಮವರ ಜೊತೆಗೇ ನಿಂತು ಆಣೆ ಮಾಡಿದ ಗೆಳೆಯ. ಟೋಪಿಯಿಲ್ಲದ ತಲೆ ಕಂಡು, ಯಾರೋ ಗಿರಾಕಿಯೆಂದು ದಡಕ್ಕನೆ ಕಾಲಿಗೆ ಬಿದ್ದ. ನಮ್ಮವರು ಏನು ಮಾಡಲೂ ತೋಚದೆ ಅವನ ಕಾಲಿಗೆ ಬಿದ್ದರು. ಇಬ್ಬರೂ ನೆಲದ ಮೇಲೆ. ಒಳಗಿದ್ದ ಕುಡುಕರು ಕುಡಿಕೆ ಹಿಡಿದುಕೊಂಡೇ ಎದ್ದು ಬಂದು ಈ ಸೋಜಿಗ ನೋಡಿದರಂತೆ.

"ನೀನಾ ಮಾರಾಯಾ!"

"ಅಪ್ಪಗೆ ಎಡೆ ಇಡಬೇಕು ರುದ್ರಣ್ಣಾ. ಅವ್ವ ಅಳ್ತಾಳೆ."

ರುದ್ರಪ್ಪ ಮೈಮೇಲಿನ ಮಣ್ಣು ಕೊಡವಿಕೊಂಡ. ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ದನಿ ತಗ್ಗಿಸಿ, "ನಮ್ಮವ್ವಾನೂ ಬೆಳಿಗ್ಗಿಂದ ಅಳಾಕೆ ಹತ್ಯಾಳೆ. ನಮ್ಮಜ್ಜಗೂ ಇಡಬೇಕಂತೆ. ಎರಡು ಕುಡಿಕೆ ತಗಂಡು ಬಾ, ನಾನು ಆ ಕಡೆ ಮುಖ ಮಾಡಿರ್ತೀನಿ," ಎಂದ. ಮೊಮ್ಮಗ ತಂದರೂ ನಡೆಯುತ್ತದೆಯೇ, ಮೊಮ್ಮಗನ ಗೆಳೆಯ ತಂದರೆ ಅಜ್ಜ ಯಾರ ಮನೆಗೆ ಹೋಗುತ್ತಾನೆ ಎಂಬ ಜಿಜ್ಞಾಸೆಗೆ ಇಬ್ಬರಿಗೂ ವ್ಯವಧಾನ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಬಂದರು. ಕುಡಿಕೆಯನ್ನು ಅಂಗಡಿಯವನ ಕೈಯಿಂದಲೇ ಹಗ್ಗದಲ್ಲಿ ಕೋಲಿಗೆ ಕಟ್ಟಿಸಿ, ಹೆಗಲ ಮೇಲೆ ತೂಗಿಸಿಕೊಂಡು ಬಂದಿದ್ದರು. ಮುಟ್ಟಬಾರದಲ್ಲ! ಬಿಸಿಲಿಗೆ ಹೆಂಡ ಉಕ್ಕಿ ಬೆನ್ನಿನ ತುಂಬ ಹರಿದು, ಖಾದಿ ಅಂಗಿ ಹೀರಿಕೊಂಡು, ಊರಿನಲ್ಲಿ ಯಾವ ಕುಡುಕನೂ ನಾರದಷ್ಟು ನಾರುತ್ತಿದ್ದರು. ಕೋಲನ್ನು ಬಾಗಿಸಿ ಕುಡಿಕೆಯನ್ನು ಹೊಸ್ತಿಲಾಚೆ ಇಳಿಸಿ, "ನಾ ಒಳಗೆ ತರಂಗಿಲ್ಲವ್ವಾ," ಎನ್ನುತ್ತ ತಾವು ಒಳಗೆ ಬಂದರು. ಅಂಗಿಯೇ ಅರ್ಧ ಕುಡಿಕೆಯನ್ನು ಒಳಗೆ ತಂದಿದ್ದು ಅವರಿಗೆ ಹೊಳೆಯಲಿಲ್ಲ.

ಅತ್ತೆ ಎರಡೂ ಕೈಯಲ್ಲಿ ಕುಡಿಕೆ ಎತ್ತಿಕೊಂಡು ಒಳಗೆ ಹೋದರು. ಎಲೆಯ ಬಲಕ್ಕಿಟ್ಟು ಬಾಗಿಲು ಮುಚ್ಚಿದರು. ನಮ್ಮವರು ಮೈ ತೊಳೆಯಲು ಬಾವಿಯ ಕಡೆ ಹೋದರು. ಜಗುಲಿಯ ಮೇಲೆ ನಾವಿಬ್ಬರೇ. ಅತ್ತೆ ಕದಕ್ಕೆ ಕಿವಿ ಹಚ್ಚಿ ಕೂತಿದ್ದರು.

"ಏನ್ ಕೇಳ್ತೀರಾ ಅತ್ತೆ?" ಎಂದೆ.

ಕದದಿಂದ ಕಿವಿ ತೆಗೆಯದೆಯೇ ಹೇಳಿದರು. "ನಿಮ್ಮ ಮಾವ ನನ್ನ ಒಂದಿನಾನೂ ಹೆಸರು ಹಿಡಿದು ಕರೀಲಿಲ್ಲ ಕಣೇ. ಗಂಡಸ್ರು ಕರೀಬಾರ್ದಲ್ಲ. 'ಏ ಇವಳೇ', 'ಎಲ್ಲಿದೀಯಾ', ಅಷ್ಟೇ. ಹೆಂಡ ಕುಡಿದ್ ಬಂದ್ರೆ ಮಾತ್ರ ಹೊಸ್ತಿಲ ಮ್ಯಾಲೆ ನಿಂತು 'ಗಂಗೀ' ಅಂತಿದ್ರು. ನಮ್ಮಪ್ಪನ ಮನೆ ಬಿಟ್ಟ್ ಮ್ಯಾಲೆ ಆ ಹೆಸರು ಕರೆದೋರು ಅವರೊಬ್ಬರೇ." ಕಣ್ಣು ಒರೆಸಿಕೊಂಡರು. "ಹಾಲು ಇಟ್ರೆ ಉಣ್ತಾರೆ, ಹೋಗ್ತಾರೆ. ಕರಿಯಾಕಿಲ್ಲ."

ಬೀದಿಯಲ್ಲಿ ದನಗಳು ಹೋದವು. ಎಲ್ಲೋ ಮಗು ಅತ್ತಿತು. ಇದ್ದಕ್ಕಿದ್ದಂತೆ ಅತ್ತೆ ತಲೆಯೆತ್ತಿ, ಮೆಲ್ಲಗೆ, ಹೊಸ ಸೊಸೆಯ ದನಿಯಲ್ಲಿ "ಓ" ಎಂದರು. ನನಗೇನೂ ಕೇಳಿರಲಿಲ್ಲ. ಆದರೆ ಆ ಮುಖ ನೋಡಿದವರು ಯಾರೂ, ಒಳಗಿನಿಂದ ಕರೆ ಬಂದಿಲ್ಲ ಎನ್ನುವ ಧೈರ್ಯ ಮಾಡುತ್ತಿರಲಿಲ್ಲ.

ಅತ್ತೆ ಇರುವವರೆಗೂ ಪ್ರತಿ ಹಬ್ಬಕ್ಕೂ ನಮ್ಮವರು ಬಿದಿರ ಕೋಲು ಹೆಗಲಿಗೇರಿಸಿ ಹೊರಟರು. ಯಾಕೆಂದು ಅವರಿಗೆ ನಾನು ಹೇಳಲಿಲ್ಲ, ಅದು ಹೆಂಗಸರ ಮಾತು. ಅವರು ಕೊನೆಯವರೆಗೂ ಆಣೆ ತಪ್ಪಲಿಲ್ಲ. ಹೆಂಡ ಮುಟ್ಟಲಿಲ್ಲ, ನನ್ನ ಹೆಸರನ್ನೂ ಮುಟ್ಟಲಿಲ್ಲ. ಒಳ್ಳೆಯ ಮನುಷ್ಯ, ನನಗೆ ಜ್ವರ ಬಂದರೆ ತಾವೇ ಗಂಜಿ ಕಾಯಿಸಿದವರು. ಆದರೂ ಕೆಲವು ಸಂಜೆ ನನಗೆ ಅನ್ನಿಸಿದ್ದುಂಟು, ದೇವರು ಮೆಚ್ಚದಿದ್ದರೂ ಹೇಳುತ್ತೇನೆ: ಒಂದೇ ಒಂದು ಕುಡಿಕೆ ಕುಡಿದಿದ್ದರೆ ಏನಾಗುತ್ತಿತ್ತು?

"ಅಜ್ಜೀ!" ಪಕ್ಕದ ಹುಡುಗಿ ನನ್ನ ಭುಜ ಅಲುಗಿಸುತ್ತಿದ್ದಳು. ಅವಳ ಮಗ್ ಖಾಲಿಯಾಗಿತ್ತು, ಕೆನ್ನೆ ಕೆಂಪಾಗಿತ್ತು. "ಆಗಿನಿಂದ ಬರೀ ಅಜ್ಜಿ ಅಜ್ಜಿ ಅಂತಿದೀವಿ. ನಿಮ್ಮ ಹೆಸರೇನು?"

ಹೇಳಿದೆ. ಎಷ್ಟೋ ಕಾಲದಿಂದ ಸಹಿಗಷ್ಟೇ ಬಳಸುತ್ತಿದ್ದ ಹೆಸರು ಬಾಯಿಂದ ಹೊರಡಲು ಸ್ವಲ್ಪ ತಡವಾಯಿತು. ಆ ಹುಡುಗಿ ಕುರ್ಚಿಯಿಂದ ಎದ್ದು ನಿಂತು, ಹಾಡನ್ನೂ ಮೀರಿಸಿ, ಇಡೀ ಪಬ್ಬಿಗೆ ಕೇಳುವಂತೆ ನನ್ನ ಹೆಸರನ್ನು ಕೂಗಿದಳು.

ಮೊಮ್ಮಗಳಿಗೆ ಗಾಬರಿ. "ಸಾರಿ ಅಜ್ಜಿ, ಅವಳು ಸ್ವಲ್ಪ ಜಾಸ್ತಿ ಕುಡಿದುಬಿಟ್ಟಿದಾಳೆ," ಎಂದು ಅವಳ ಕೈ ಹಿಡಿದು ಕೂರಿಸಹೋದಳು.

"ಕುಡೀಲಿ ಬಿಡೇ," ಎಂದೆ. ಆ ಹುಡುಗಿಯ ಕಡೆ ತಿರುಗಿದೆ. "ಇನ್ನೊಂದ್ ಸಲ ಕರಿ ತಾಯಿ."